18,000 ಡಾಲರ್ ಕಟ್ಟುವ ಮೊದಲು: ಮೆಡಿಕಲ್ ಅಸಿಸ್ಟೆಂಟ್ ಓದಿನ ಬಗ್ಗೆ ಒಂದಿಷ್ಟು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದವಳು. ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ, ಮೈಕ್ರೋಬಯಾಲಜಿ. ಮದುವೆಯಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಮಕ್ಕಳಿಬ್ಬರೂ ಈಗ ಸ್ಕೂಲಿಗೆ ಹೋಗ್ತಾರೆ. ಗಂಡನ ಕೆಲಸದ ವೀಸಾ ಮೇಲೆ ಬಂದ ಎಚ್-4 ವೀಸಾ, ಕೆಲಸ ಮಾಡಲು ಅನುಮತಿ ಕೊಡೋ ಇಎಡಿ ಕಾರ್ಡ್ ಹೋದ ವರ್ಷ ಬಂತು. ಮೆಡಿಕಲ್ ಅಸಿಸ್ಟೆಂಟ್ ಆಗೋ ಆಸೆ ಇದೆ. ಹತ್ತಿರದ ಒಂದು ಪ್ರೈವೇಟ್ ಸ್ಕೂಲಿನವರು ಒಂಬತ್ತು ತಿಂಗಳ ಕೋರ್ಸಿಗೆ 18,000 ಡಾಲರ್ ಹೇಳಿದ್ದಾರೆ. ಈ ವಾರವೇ ಸೇರಿದರೆ 1,000 ಕಡಿಮೆಯಂತೆ. ಸೇರಲಾ? ನನ್ನ ಡಿಗ್ರಿ ಲೆಕ್ಕಕ್ಕೆ ಬರುತ್ತಾ? ಯಾವ ಪರೀಕ್ಷೆ ಬರೀಬೇಕು? ಇದೇ ದಾರೀಲಿ ಮುಂದೆ ನರ್ಸ್ ಆಗಬಹುದಾ? ವಯಸ್ಸು 37, ತಡವಾಯ್ತು ಅನ್ನೋ ಭಯವೂ ಇದೆ.

ಉತ್ತರ: ಮೊದಲು ಆ ಸ್ಕೂಲಿನವರಿಗೆ ಫೋನ್ ಮಾಡಿ, ಈ ವಾರ ಆಗಲ್ಲ ಅಂತ ಹೇಳಿಬಿಡಿ. ಆ 1,000 ಡಾಲರ್ ರಿಯಾಯಿತಿ ಎಲ್ಲೂ ಓಡಿಹೋಗುವುದಿಲ್ಲ. ಸೀರೆ ಅಂಗಡಿಯ ಬಾಗಿಲಲ್ಲಿ ದೀಪಾವಳಿ ಕಳೆದರೂ ತೂಗಾಡುವ ‘ಆಷಾಢ ಸೇಲ್’ ಬೋರ್ಡ್ ನೋಡಿದ್ದೀರಲ್ಲ, ಇದೂ ಅದೇ ಜಾತಿಯದು. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಈ ಕೆಲಸ ಏನು ಅನ್ನೋದು ನಿಮಗೆ ಗೊತ್ತಿರಬಹುದು. ಆದರೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳುವಾಗ ಹೇಗೆ ಹೇಳುತ್ತೀರಿ? ನಾನು ನಮ್ಮಮ್ಮನಿಗೆ ‘ಕಂಪೌಂಡರ್ ಥರ’ ಅಂತ ಹೇಳಿದ್ದೆ. ಶಿವಮೊಗ್ಗದಲ್ಲಿ ನಾವು ಹೋಗುತ್ತಿದ್ದ ಡಾಕ್ಟರ ಹತ್ತಿರ ಒಬ್ಬರು ಕಂಪೌಂಡರ್ ಇದ್ದರು. ಗುಲಾಬಿ ಬಣ್ಣದ ಮಿಕ್ಸ್ಚರ್ ಬಾಟಲಿಗೆ ಹುಯ್ದು, ಮೇಲೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಕಚ್ಚು ಒಂದು ಹೊತ್ತಿಗೆ ಅಂತ ಕೊಡುತ್ತಿದ್ದರು. ಬೇಕಾದರೆ ಇಂಜೆಕ್ಷನ್ನೂ ಹಾಕುತ್ತಿದ್ದರು. ಇಲ್ಲಿನ ಮೆಡಿಕಲ್ ಅಸಿಸ್ಟೆಂಟ್ ಕೆಲಸದ ಮೂಲವೂ ಹೆಚ್ಚುಕಮ್ಮಿ ಅದೇ: ಡಾಕ್ಟರ ಎರಡು ಕೈ ಸಾಲದಾದಾಗ ಬೇಕಾದ ಮೂರನೆಯ, ನಾಲ್ಕನೆಯ ಕೈ. ರೋಗಿಯನ್ನು ಒಳಗೆ ಕರೆದು ಕೂರಿಸಬೇಕು. ತೂಕ, ಬಿಪಿ, ಜ್ವರ ನೋಡಬೇಕು. ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಒಂದೊಂದಾಗಿ ಕೇಳಿ ಕಂಪ್ಯೂಟರಿಗೆ ಹಾಕಬೇಕು. ಲಸಿಕೆ ಕೊಡುವುದು, ರಕ್ತ ತೆಗೆಯುವುದು, ಇಸಿಜಿ ಮಾಡುವುದು, ಮೂತ್ರದ ಪಟ್ಟಿ ಅದ್ದಿ ನೋಡುವುದು ಎಲ್ಲವೂ ನಿಮ್ಮದೇ. ಮಧ್ಯೆ ಮಧ್ಯೆ ಇನ್ಶೂರೆನ್ಸ್ ಕಂಪನಿಯವರ ಜೊತೆ ಫೋನಿನಲ್ಲಿ ಅರ್ಧ ಗಂಟೆ ಜಗ್ಗಾಟ. ಈ ಕೊನೆಯದನ್ನು ಯಾವ ಸ್ಕೂಲಿನ ಜಾಹೀರಾತೂ ಹೇಳುವುದಿಲ್ಲ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಕನ್ನಡ ಕೂಟದಲ್ಲಿ ಯಾರಾದರೂ ‘ನನ್ನ ಮಗಳು ಪಿಎ, ಲಕ್ಷ ಡಾಲರ್ ಮೇಲೆ ಸಂಬಳ’ ಅಂದರೆ ಅದು ನಮ್ಮ ಕೆಲಸ ಅಲ್ಲ. ಅದು ಫಿಸಿಶಿಯನ್ ಅಸಿಸ್ಟೆಂಟ್. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅನ್ನುವವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದವರನ್ನು ಸೇರಿಸಿಕೊಂಡು ಶುರು ಮಾಡಿದ ಓದು ಅದು. ಈಗ ಅದಕ್ಕೆ ಡಿಗ್ರಿ ಮುಗಿಸಿ ಮೇಲೆ ಮಾಸ್ಟರ್ಸ್ ಮಾಡಬೇಕು. ಅವರು ರೋಗ ಪತ್ತೆ ಮಾಡುತ್ತಾರೆ, ಮದ್ದು ಬರೆಯುತ್ತಾರೆ. ನಾವು ಎರಡನ್ನೂ ಮಾಡುವ ಹಾಗಿಲ್ಲ. ಹೆಸರು ಹತ್ತಿರ, ದಾರಿ ಮಾತ್ರ ಬೇರೆ ಬೇರೆ.

ಈಗ ನಿಮ್ಮ 18,000ದ ವಿಷಯ.

ನಿಮಗೆ ಆಶ್ಚರ್ಯ ಆಗಬಹುದು, ಕ್ಯಾಲಿಫೋರ್ನಿಯಾದಲ್ಲಿ ಮೆಡಿಕಲ್ ಅಸಿಸ್ಟೆಂಟ್‌ಗೆ ರಾಜ್ಯದ ಲೈಸೆನ್ಸ್ ಅನ್ನೋದೇ ಇಲ್ಲ. 18 ತುಂಬಿರಬೇಕು, ಕಾನೂನು ಹೇಳಿದಷ್ಟು ತರಬೇತಿ ಆಗಿರಬೇಕು, ಅಷ್ಟೇ. ಆ ತರಬೇತಿಯನ್ನು ಸ್ಕೂಲೇ ಕೊಡಬೇಕು ಅಂತಲೂ ಇಲ್ಲ. ಡಾಕ್ಟರೇ ತಮ್ಮ ಕ್ಲಿನಿಕ್ಕಿನಲ್ಲಿ ಕಲಿಸಿ, ಬರೆದು ಸಹಿ ಹಾಕಿ ಇಟ್ಟರೂ ನಡೆಯುತ್ತದೆ. ಇಂಜೆಕ್ಷನ್ ಹಾಕಬೇಕಾದರೆ ಕನಿಷ್ಠ 10 ಗಂಟೆ ತರಬೇತಿ ಬೇಕು. ಜೊತೆಗೆ ಸ್ನಾಯುವಿಗೆ 10, ಚರ್ಮದ ಕೆಳಗೆ 10, ಚರ್ಮದ ಪದರದೊಳಗೆ 10, ಹೀಗೆ ಕೈಯಾರೆ ಹಾಕಿರಬೇಕು. ರಕ್ತ ತೆಗೆಯಲು ಮತ್ತೆ 10 ಗಂಟೆ. ಅದರ ಜೊತೆ 10 ಸಲ ನರಕ್ಕೆ, ಅಂದರೆ ರಕ್ತನಾಳಕ್ಕೆ, ಚುಚ್ಚಿರಬೇಕು, 10 ಸಲ ಬೆರಳಿಗೆ. ಕಾನೂನಿನ ಲೆಕ್ಕ ಇಷ್ಟೇ.

ಹಾಗಾದರೆ ಸುಮ್ನೆ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ ಕೇಳಬಹುದಲ್ವಾ? ಕೇಳಬಹುದು. ಚಿಕ್ಕ ಕ್ಲಿನಿಕ್ಕುಗಳಲ್ಲಿ ಹಾಗೆ ಸೇರಿದವರು ನನಗೇ ಗೊತ್ತು. ಆದರೆ ಕೈಸರ್, ಸಟ್ಟರ್ ತರಹದ ದೊಡ್ಡ ಆಸ್ಪತ್ರೆ ಸಂಸ್ಥೆಗಳಲ್ಲಿ ಕೋರ್ಸ್ ಮುಗಿಸಿದ ಪತ್ರ, ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಎರಡನ್ನೂ ಕೇಳುವುದೇ ಜಾಸ್ತಿ. ಅದಕ್ಕೇ ಕೋರ್ಸ್ ಮಾಡಿ ಅನ್ನುತ್ತೇನೆ. 18,000 ಕೊಟ್ಟು ಮಾಡಿ ಅಂತ ಮಾತ್ರ ಅನ್ನುವುದಿಲ್ಲ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಇಲ್ಲಿನ ನಿವಾಸಿಗಳಿಗೆ ಶುಲ್ಕ ಒಂದು ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಸರ್ಟಿಫಿಕೇಟ್ ಕೋರ್ಸು 30 ಯೂನಿಟ್ ಅಂತ ಇಟ್ಟುಕೊಳ್ಳಿ, ಒಟ್ಟು 1,380 ಡಾಲರ್. ಪುಸ್ತಕ, ಯೂನಿಫಾರಂ, ಲಸಿಕೆ, ಪರೀಕ್ಷೆಯ ಫೀಸು ಸೇರಿಸಿದರೂ ಆ ಸ್ಕೂಲಿನವರು ಹೇಳಿದ್ದರ ಹತ್ತಿರಕ್ಕೂ ಹೋಗುವುದಿಲ್ಲ. ಎಚ್-4 ಇದ್ದವರು ನಿವಾಸಿ ಅಂತ ಎಣಿಸಿಕೊಳ್ಳಲು ವೀಸಾ ಅಡ್ಡಿಯಾಗುವುದಿಲ್ಲ. ಒಂದು ವರ್ಷದ ಮೇಲೆ ಇಲ್ಲೇ ಇದ್ದೀರಿ ಅನ್ನೋದಕ್ಕೆ ದಾಖಲೆ ತೋರಿಸಬೇಕು. ಬಾಡಿಗೆ ಕರಾರು, ಟ್ಯಾಕ್ಸ್ ಕಾಗದ, ಡ್ರೈವಿಂಗ್ ಲೈಸೆನ್ಸ್ ಹೊಂದಿಸಿಟ್ಟುಕೊಳ್ಳಿ. ಕ್ಯುಪರ್ಟಿನೋದ ಡಿ ಆನ್ಜಾ, ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜು ಇಂಥ ಕೋರ್ಸುಗಳಿಗೆ ಹೆಸರಾದವು. ಊರಿನ ಅಡಲ್ಟ್ ಸ್ಕೂಲುಗಳನ್ನೂ ವಿಚಾರಿಸಿ, ಅಲ್ಲೂ ಫೀಸು ಕಡಿಮೆ. ತೊಂದರೆ ಒಂದೇ: ಸೀಟು ಬೇಗ ತುಂಬುತ್ತವೆ, ಕೆಲವು ಕಡೆ ಒಂದು ಸೆಮಿಸ್ಟರ್ ಕಾಯಬೇಕು. ಪ್ರೈವೇಟ್ ಸ್ಕೂಲಿನವರು ಮಾರುವುದು ಇದನ್ನೇ. ‘ಸೋಮವಾರವೇ ಕ್ಲಾಸ್ ಶುರು’ ಅನ್ನುತ್ತಾರೆ. ಆ ಸೋಮವಾರದ ಬೆಲೆ 16,000 ಡಾಲರ್ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ನಾನು ಹೇಳುತ್ತಿರುವುದು ಕೈ ಸುಟ್ಟುಕೊಂಡ ಮೇಲಿನ ಬುದ್ಧಿ. ಬಂದ ಹೊಸತರಲ್ಲಿ ನಾನೂ ಅಂಥದ್ದೇ ಒಂದು ಪ್ರೈವೇಟ್ ಸ್ಕೂಲಿಗೆ ಸೇರಿದೆ. ಸೇರುವ ದಿನ ‘ನಿಮಗೆ ಮಾನ್ಯತೆ ಇದೆಯಾ’ ಅಂತ ಕೇಳಿದ್ದೆ. ‘ಖಂಡಿತ ಇದೆ’ ಅಂತ ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. ಕೋರ್ಸ್ ಮುಗಿದು ಸಿಎಂಎ ಅನ್ನುವ ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಪರೀಕ್ಷೆಗೆ ಅರ್ಜಿ ಹಾಕಲು ಕೂತಾಗ ಗೊತ್ತಾಯಿತು, ಮಾನ್ಯತೆ ಇದ್ದದ್ದು ಸ್ಕೂಲಿಗೆ, ನಾನು ಓದಿದ ಕೋರ್ಸಿಗೆ ಅಲ್ಲ. ನನ್ನ ಅರ್ಜಿ ನಡೆಯಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ ನೋಡಿ. ಕೇಳುವ ಪ್ರಶ್ನೆ ನನಗೇ ಗೊತ್ತಿರಲಿಲ್ಲ.

ಆ ಪ್ರಶ್ನೆಯನ್ನು ನೀವು ಹೀಗೆ ಕೇಳಿ: ‘ನಿಮ್ಮ ಮೆಡಿಕಲ್ ಅಸಿಸ್ಟಿಂಗ್ ಕೋರ್ಸಿಗೆ ಕೇಹೆಪ್ (CAAHEP) ಅಥವಾ ಎಬಿಎಚ್‌ಇಎಸ್ ಮಾನ್ಯತೆ ಇದೆಯಾ?’ ಈ ಕೆಲಸದ ಕೋರ್ಸುಗಳನ್ನು ಒಂದೊಂದಾಗಿ ನೋಡಿ ಮಾನ್ಯತೆ ಕೊಡುವ ಮುಖ್ಯ ಸಂಸ್ಥೆಗಳು ಇವೆರಡು. ಇಬ್ಬರ ವೆಬ್‌ಸೈಟಿನಲ್ಲೂ ಪಟ್ಟಿ ಇದೆ. ಸ್ಕೂಲಿನವರ ಮಾತು ಬೇಡ, ಪಟ್ಟಿಯಲ್ಲಿ ನೀವೇ ಹುಡುಕಿ.

ಇನ್ನೊಂದು ಕಾಗದವನ್ನೂ ಕೇಳಿ ಪಡೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಪ್ರೈವೇಟ್ ಸ್ಕೂಲುಗಳ ಮೇಲೆ ಕಣ್ಣಿಡಲು ಬಿಪಿಪಿಇ ಅನ್ನುವ ಸರ್ಕಾರಿ ಕಚೇರಿ ಇದೆ. ಅದರ ನಿಯಮದ ಪ್ರಕಾರ, ನೀವು ಸಹಿ ಹಾಕುವ ಮೊದಲೇ ಸ್ಕೂಲಿನವರು ‘ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್’ ಕೈಗೆ ಕೊಡಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಂಬಳ ಎಷ್ಟು, ಎಲ್ಲಾ ಅದರಲ್ಲಿ ಇರುತ್ತದೆ. ಕೌನ್ಸೆಲರ್ ನಗುತ್ತಾ ಅದನ್ನು ಹತ್ತು ಹಾಳೆಗಳ ನಡುವೆ ಸೇರಿಸಿ, ‘ಇಲ್ಲೊಂದು ಇನಿಶಿಯಲ್, ಇಲ್ಲೊಂದು’ ಅಂತ ಬೆರಳು ತೋರಿಸುತ್ತಾರೆ. ಆಗ ಪೆನ್ನು ಕೆಳಗಿಟ್ಟು ಓದಿ. ಸೇರಿದವರಲ್ಲಿ ಅರ್ಧಕ್ಕರ್ಧ ಜನ ಮುಗಿಸಿಲ್ಲ ಅಂದರೆ ಕಾರಣ ಕೇಳಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಿ ಅಂದುಕೊಳ್ಳಿ, ಆಗಲೂ ದಾರಿ ಇದೆ. ಮೊದಲನೇ ಕ್ಲಾಸಿನ ದಿನ ಅಥವಾ ಸೇರಿದ ಏಳನೇ ದಿನ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಬಿಟ್ಟು ಬರಬಹುದು. ನೋಂದಣಿಗೆ ಅಂತ ಹೆಚ್ಚೆಂದರೆ 250 ಡಾಲರ್ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡಬೇಕು.

ಇಷ್ಟು ಹೆದರಿಸೋದು ಯಾಕೆ ಅಂದರೆ, ಈ ಕೋರ್ಸಿನ ಸುತ್ತ ದೊಡ್ಡ ದೊಡ್ಡ ಅಂಗಡಿಗಳೇ ಮುಳುಗಿವೆ. ಎವರೆಸ್ಟ್ ಕಾಲೇಜುಗಳನ್ನು ನಡೆಸುತ್ತಿದ್ದ ಕೊರಿಂಥಿಯನ್ ಕಂಪನಿ 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಆಗ ಇನ್ನೂ ಓದುತ್ತಿದ್ದವರೇ ಸುಮಾರು 16,000 ಜನ. ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಅಲ್ಲಿ ಮುಖ್ಯ ಸರಕಾಗಿತ್ತು. ಕೊನೆಗೆ 2022ರಲ್ಲಿ ಅಮೆರಿಕ ಸರ್ಕಾರ ಅಲ್ಲಿ ಓದಿದ 5,60,000 ಜನರ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಿತು. ಸರ್ಕಾರದ ಸಾಲ ತಗೊಂಡವರಿಗೆ ಆ ಭಾಗ್ಯ. ಎಚ್-4 ಇದ್ದವರಿಗೆ ಸರ್ಕಾರದ ಶಿಕ್ಷಣ ಸಾಲವಾಗಲೀ ಪೆಲ್ ಗ್ರಾಂಟ್ ಅನ್ನುವ ಸಹಾಯಧನವಾಗಲೀ ಸಿಗುವುದಿಲ್ಲ. ಕಳೆದುಕೊಂಡರೆ ಮನೆಯ ದುಡ್ಡೇ.

ಇನ್ನು ಓದು ಹೇಗಿರುತ್ತದೆ ಅಂತ. ಪುಸ್ತಕದ ಭಾಗ ನಿಮಗೆ ಸಲೀಸು. ಅಂಗರಚನೆ, ರೋಗಾಣು, ಸ್ಟೆರಿಲೈಸೇಶನ್ ಎಲ್ಲಾ ಮೈಕ್ರೋಬಯಾಲಜಿಯಲ್ಲಿ ಒಮ್ಮೆ ಅರೆದು ಕುಡಿದದ್ದೇ. ಆಟೋಕ್ಲೇವ್ ಅಂದರೆ ನಿಮಗೆ ಕುಕ್ಕರ್ ಅಷ್ಟೇ ಪರಿಚಯ. ಕಷ್ಟ ಆಗೋದು ಕೈಕೆಲಸ. ನನ್ನ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ಓದಿಕೊಂಡು ಬಂದವರೇ ಇಲ್ಲಿ ಎಡವುತ್ತಾರೆ. ಪುಸ್ತಕದಲ್ಲಿ ಇದ್ದದ್ದು ಬಾಯಿಗೆ ಬರುತ್ತದೆ, ಬೆರಳಿಗೆ ಬರುವುದಿಲ್ಲ.

ರಕ್ತ ತೆಗೆಯುವುದನ್ನೇ ತಗೊಳ್ಳಿ. ಟ್ಯೂಬುಗಳ ಮುಚ್ಚಳಕ್ಕೆ ಒಂದೊಂದು ಬಣ್ಣ. ತುಂಬಿಸುವುದಕ್ಕೂ ಒಂದು ಕ್ರಮ ಇದೆ: ಮೊದಲು ತಿಳಿನೀಲಿ, ಆಮೇಲೆ ಕೆಂಪು ಅಥವಾ ಚಿನ್ನದ ಬಣ್ಣ, ಹಸಿರು, ನೇರಳೆ, ಕೊನೆಗೆ ಬೂದು. ಇದನ್ನು ಮಗ್ಗಿಯ ಹಾಗೆ ಉರು ಹೊಡೆಸುತ್ತಾರೆ. ಯಾಕೆ ಅನ್ನೋದು ತಿಳಿದರೆ ಉರು ಬೇಕಾಗಿಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಹಾಕಿರುತ್ತಾರೆ. ಅದು ಪೊಟ್ಯಾಸಿಯಂ ಉಪ್ಪು. ನೇರಳೆಯನ್ನು ಮೊದಲು ತುಂಬಿಸಿ ಆಮೇಲೆ ಚಿನ್ನದ ಬಣ್ಣದ್ದು ತುಂಬಿಸಿದಿರಿ ಅಂತ ಇಟ್ಟುಕೊಳ್ಳಿ. ಸೂಜಿಯ ಬುಡದಲ್ಲಿ ಅಂಟಿದ ಚೂರು ಇಡಿಟಿಎ ಇದರೊಳಗೆ ಇಳಿಯುತ್ತದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಮೇಲೆ ಹಾರಿರುತ್ತದೆ, ಕ್ಯಾಲ್ಸಿಯಂ ಕೆಳಗಿಳಿದಿರುತ್ತದೆ. ಪೊಟ್ಯಾಸಿಯಂ ಜಾಸ್ತಿ ಅಂದರೆ ಹೃದಯಕ್ಕೆ ಅಪಾಯ. ಮನೆಯಲ್ಲಿ ಅನ್ನ ಸಾರು ಉಂಡು ಆರಾಮಾಗಿ ಕೂತ ಅಜ್ಜಿಗೆ ರಾತ್ರಿ ಫೋನ್ ಬರುತ್ತದೆ, ಈಗಲೇ ಎಮರ್ಜೆನ್ಸಿಗೆ ಬನ್ನಿ ಅಂತ. ಅಜ್ಜಿಗೆ ಏನೂ ಆಗಿರುವುದಿಲ್ಲ. ಇನ್ನು ತಿಳಿನೀಲಿ ಟ್ಯೂಬನ್ನು ಗೆರೆ ಮುಟ್ಟುವವರೆಗೆ ತುಂಬಿಸಲೇಬೇಕು. ಒಳಗಿರುವ ದ್ರವ ಒಂದು ಪಾಲು, ರಕ್ತ ಒಂಬತ್ತು ಪಾಲು. ಕಡಿಮೆ ತುಂಬಿಸಿ ಕಳಿಸಿದರೆ ಲ್ಯಾಬಿನವರು ಚೆಲ್ಲುತ್ತಾರೆ, ರೋಗಿಗೆ ಮತ್ತೆ ಚುಚ್ಚಬೇಕು.

ಬಿಪಿ ಇನ್ನೂ ಸುಲಭ ಅಂದುಕೊಳ್ಳುತ್ತಾರೆ. ತೋಳು ದಪ್ಪ ಇದ್ದವರಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದ ಜಾಸ್ತಿ ತೋರಿಸುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತರೂ ಹಾಗೆ, ಮಾತಾಡುತ್ತಾ ಇದ್ದರೂ ಹಾಗೆ. ಐದು ನಿಮಿಷ ಸುಮ್ಮನೆ ಕೂರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಆಸರೆ ಕೊಟ್ಟು ಇಟ್ಟು ನೋಡಬೇಕು. ಹದಿನೈದು ನಿಮಿಷಕ್ಕೊಬ್ಬ ರೋಗಿ ಇರುವ ಕ್ಲಿನಿಕ್ಕಿನಲ್ಲಿ ಐದು ನಿಮಿಷ ಎಲ್ಲಿಂದ ತರುತ್ತೀರಿ? ಅಲ್ಲಿಯೇ ಅನುಭವಸ್ಥರ ಚಾಕಚಕ್ಯತೆ ಇರೋದು. ಮೊದಲು ಕೂರಿಸಿ, ಮಾತ್ರೆಗಳ ಪಟ್ಟಿ ಕೇಳಿ ಮುಗಿಸಿ, ಆಮೇಲೆ ‘ಈಗ ಎರಡು ನಿಮಿಷ ಮಾತು ಬೇಡ’ ಅಂತ ಪಟ್ಟಿ ಕಟ್ಟುತ್ತಾರೆ.

ನಮ್ಮ ಕಡೆಯಿಂದ ಬಂದವರಿಗೆ ಅಂತಲೇ ಇರುವ ಹಳ್ಳಗಳು ಎರಡು. ಒಂದು ಅಳತೆ. ಇಲ್ಲಿ ತೂಕ ಪೌಂಡಿನಲ್ಲಿ, ಜ್ವರ ಫ್ಯಾರನ್‌ಹೀಟಿನಲ್ಲಿ. ಆದರೆ ಮಕ್ಕಳ ಔಷಧದ ಲೆಕ್ಕ ಕಿಲೋದಲ್ಲಿ. 2.2ರಿಂದ ಭಾಗಿಸೋದು ಮರೆತರೆ ಮಗುವಿಗೆ ಎರಡು ಪಟ್ಟು ಮದ್ದು. ಇನ್ನೊಂದು ತಾರೀಕು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/07 ಅಂದರೆ ಮಾರ್ಚ್ 7. ಪ್ರತಿ ರೋಗಿಯನ್ನೂ ಹೆಸರು, ಹುಟ್ಟಿದ ದಿನ ಎರಡೂ ಕೇಳಿಯೇ ಗುರುತಿಸಬೇಕು. ಇದರಲ್ಲೊಂದು ತಮಾಷೆಯೂ ಇದೆ. ನಮ್ಮ ಹಿರಿಯರ ಪೈಕಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಂತ ಗಮನಿಸಿದ್ದೀರಾ? ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಒಂದೇ ಬೆಳಗ್ಗೆ ಇಬ್ಬರು ‘ಗೌಡ’, ಇಬ್ಬರದೂ ಜೂನ್ 1. ಅಂಥ ದಿನ ವರ್ಷವನ್ನೂ ಪೂರಾ ಹೆಸರನ್ನೂ ಎರಡೆರಡು ಸಲ ಕೇಳಬೇಕು.

ಕ್ಲಾಸಿಗಿಂತ ಮುಖ್ಯವಾದದ್ದು ಎಕ್ಸ್‌ಟರ್ನ್‌ಶಿಪ್. ಕೇಹೆಪ್ ಮಾನ್ಯತೆಯ ಕೋರ್ಸಿನಲ್ಲಿ ಕನಿಷ್ಠ 160 ಗಂಟೆ ನಿಜವಾದ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಬೇಕು, ಸಂಬಳ ಇಲ್ಲ. ಲೆಕ್ಕ ಹಾಕಿದರೆ ನಾಲ್ಕು ವಾರ. ನನ್ನ ಮಟ್ಟಿಗೆ ಇಡೀ ಕೋರ್ಸಿನ ಜೀವ ಇರೋದೇ ಇಲ್ಲಿ. ನನ್ನ ಮೊದಲ ದಿನ ಒಬ್ಬರು ಫಿಲಿಪಿನೋ ಅಜ್ಜಿಗೆ ರಕ್ತ ತೆಗೆಯಬೇಕಿತ್ತು. ಕ್ಲಾಸಿನಲ್ಲಿ ರಬ್ಬರ್ ಕೈಗೆ ನೂರು ಸಲ ಚುಚ್ಚಿದ್ದೆ. ಅಜ್ಜಿಯ ನರ ಸೂಜಿ ಮುಟ್ಟಿದ ತಕ್ಷಣ ಪಕ್ಕಕ್ಕೆ ಜಾರಿತು. ರಬ್ಬರಿನ ನರ ಯಾವತ್ತೂ ಜಾರಿರಲಿಲ್ಲ. ನನ್ನ ಕೈ ನಡುಗಿದ್ದು ನೋಡಿ ಅಜ್ಜಿಯೇ, ‘ಚರ್ಮ ಕೆಳಗೆ ಎಳೆದು ಹಿಡಿ ಮಗಳೇ, ಎಲ್ಲರೂ ಹಾಗೇ ಮಾಡ್ತಾರೆ’ ಅಂದರು. ಎಡಗೈ ಹೆಬ್ಬೆರಳಿನಿಂದ ಎಳೆದು ಹಿಡಿದೆ. ಬಂತು. ಇವತ್ತಿಗೂ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಎಡಗೈ ಹೆಬ್ಬೆರಳಿನ ಕೆಲಸ.

ಮೊದಲ ನೌಕರಿ ಸಿಗೋದೂ ಬಹಳ ಸಲ ಇದೇ ಜಾಗದಲ್ಲಿ. ನಾಲ್ಕು ವಾರ ನೋಡಿ, ಸಮಯಕ್ಕೆ ಬರುತ್ತಾರಾ, ಕೆಲಸ ಇಲ್ಲದಾಗ ಫೋನ್ ನೋಡುತ್ತಾ ಕೂರುತ್ತಾರಾ ಅಥವಾ ರೂಮಿನ ಡ್ರಾಯರಿಗೆ ಗ್ಲೌಸ್ ತುಂಬಿಸುತ್ತಾರಾ ಅಂತ ತೂಗುತ್ತಾರೆ. ಅದಕ್ಕೇ ಸ್ಕೂಲಿನವರಿಗೆ ಕೇಳಬೇಕಾದ ಎರಡನೇ ಪ್ರಶ್ನೆ: ‘ಎಕ್ಸ್‌ಟರ್ನ್‌ಶಿಪ್ ಜಾಗ ನೀವು ಹುಡುಕಿ ಕೊಡುತ್ತೀರಾ, ನಾವೇ ಹುಡುಕಬೇಕಾ?’ ‘ಸಹಾಯ ಮಾಡುತ್ತೇವೆ’ ಅಂತ ಉತ್ತರ ಬಂದರೆ, ಕಳೆದ ಬ್ಯಾಚನ್ನು ಯಾವ ಯಾವ ಕ್ಲಿನಿಕ್ಕಿಗೆ ಕಳಿಸಿದಿರಿ ಅಂತ ಹೆಸರು ಕೇಳಿ.

ಎಕ್ಸ್‌ಟರ್ನ್‌ಶಿಪ್‌ಗೆ ಹೋಗಲು ಲಸಿಕೆಗಳ ದಾಖಲೆ ಬೇಕು. ಊರಲ್ಲಿ ಹಾಕಿಸಿದ ಕಾರ್ಡು ಯಾರ ಹತ್ತಿರವೂ ಇರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ರಕ್ತ ಪರೀಕ್ಷೆ ಮಾಡಿ, ದಡಾರ, ಸೀತಾಳೆ ಸಿಡುಬಿಗೆ (ಚಿಕನ್ ಪಾಕ್ಸ್) ಮೈಯಲ್ಲಿ ಶಕ್ತಿ ಇದೆಯಾ ಅಂತ ನೋಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸಿನದಾದರೆ ಆರು ತಿಂಗಳು ಹಿಡಿಯುತ್ತದೆ, ಆದ್ದರಿಂದ ಇವತ್ತೇ ಶುರು ಮಾಡಿ. ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸಿಗೆ ಮುಗಿಯುವ ಹೆಪ್ಲಿಸಾವ್ ಅಂತಲೂ ಇದೆ, ಡಾಕ್ಟರನ್ನು ಕೇಳಿ. ಇನ್ನು ಟಿಬಿ. ನಿಮ್ಮ ಎಡತೋಳಿನಲ್ಲಿ ಬಿಸಿಜಿಯ ಗುಂಡನೆಯ ಗುರುತು ಇರಬೇಕಲ್ಲ, ನೋಡಿಕೊಳ್ಳಿ. ಅದನ್ನು ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಪರೀಕ್ಷೆ ಮಾಡಿದರೆ ರೋಗ ಇಲ್ಲದಿದ್ದರೂ ಊದಿಕೊಂಡು ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್-ರೇ, ವಿಚಾರಣೆ, ಎರಡು ವಾರ ಹೋಯಿತು. ಮೊದಲೇ ‘ಕ್ವಾಂಟಿಫೆರಾನ್ ರಕ್ತ ಪರೀಕ್ಷೆ ಮಾಡಿ’ ಅಂತ ಹೇಳಿ. ಅದಕ್ಕೆ ಬಿಸಿಜಿಯ ಗೊಡವೆ ಇಲ್ಲ.

ಪರೀಕ್ಷೆ ಯಾವುದು ಅಂತ ಕೇಳಿದ್ದೀರಿ. ಹಳೆಯ, ಹೆಚ್ಚು ಮರ್ಯಾದೆ ಇರುವುದು ಎಎಎಂಎ ಸಂಸ್ಥೆಯ ಸಿಎಂಎ. 200 ಪ್ರಶ್ನೆ, 40 ನಿಮಿಷದ ನಾಲ್ಕು ಭಾಗ. ಪಾಸಾದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೇಹೆಪ್, ಎಬಿಎಚ್‌ಇಎಸ್ ಕೋರ್ಸ್ ಮುಗಿಸಿದವರಿಗೆ ಇದು ನೇರ ದಾರಿ. ಎನ್‌ಎಚ್‌ಎ ಸಂಸ್ಥೆಯ ಸಿಸಿಎಂಎ ಬಾಗಿಲು ಇನ್ನಷ್ಟು ಅಗಲ. 180 ಪ್ರಶ್ನೆ, ಮೂರು ಗಂಟೆ, ಎರಡು ವರ್ಷಕ್ಕೊಮ್ಮೆ ನವೀಕರಣ. ಕೋರ್ಸ್ ಮಾಡದೆ ಕೆಲಸದ ಅನುಭವದ ಮೇಲೂ ಇದನ್ನು ಬರೆಯಬಹುದು. ನಾನು ಕೊನೆಗೆ ಪಾಸು ಮಾಡಿದ್ದೂ ಇದನ್ನೇ. ಎಎಂಟಿ ಅನ್ನುವ ಇನ್ನೊಂದು ಸಂಸ್ಥೆಯವರ ಆರ್‌ಎಂಎ ಅನ್ನೋದೂ ಉಂಟು, ಅದಕ್ಕೂ ಬೆಲೆ ಇದೆ. ನಿಮ್ಮ ಊರಿನ ಕೆಲಸದ ಜಾಹೀರಾತು ಇಪ್ಪತ್ತು ತೆಗೆದು, ಯಾವ ಹೆಸರು ಜಾಸ್ತಿ ಬಂದಿದೆ ಅಂತ ಎಣಿಸಿ. ಆಗ ನನ್ನ ಸಲಹೆಯೂ ಬೇಕಾಗುವುದಿಲ್ಲ.

ಏನು ಮಾಡಬಾರದು ಅನ್ನೋದೂ ತಿಳಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ನಾವು ಡ್ರಿಪ್ ಹಾಕುವ ಹಾಗಿಲ್ಲ. ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರೋ ನರ್ಸೋ ಮದ್ದು, ಪ್ರಮಾಣ ಎರಡನ್ನೂ ನೋಡಿ ಸರಿ ಅನ್ನಬೇಕು. ಫೋನಿನಲ್ಲಿ ‘ಇದು ಗ್ಯಾಸ್ ಇರಬೇಕು ಬಿಡಿ’ ಅಂತ ತೀರ್ಪು ಕೊಡುವ ಹಾಗಿಲ್ಲ. ರಿಪೋರ್ಟ್ ಓದಿ ಅರ್ಥ ಹೇಳುವ ಹಾಗಿಲ್ಲ. ಇದು ಕ್ಲಿನಿಕ್ಕಿನಲ್ಲಿ ಸುಲಭ, ಯುಗಾದಿ ಊಟದ ಸಾಲಿನಲ್ಲಿ ಕಷ್ಟ. ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಮೊಬೈಲಿನಲ್ಲಿ ರಿಪೋರ್ಟ್ ತೋರಿಸುವವರು ಇರುತ್ತಾರೆ. ಫ್ರೀಮಾಂಟ್‌ನಂಥ ಊರಿನಲ್ಲಿ ನಿಮ್ಮ ರೋಗಿಗಳಲ್ಲಿ ಪರಿಚಯದವರೂ ಬರುತ್ತಾರೆ. ಅವರ ಫೈಲನ್ನು ಕೆಲಸಕ್ಕೆ ಬೇಕಿಲ್ಲದೆ ತೆರೆದು ನೋಡಿದರೂ ಸಾಕು, ಯಾರು ಯಾವ ಹೊತ್ತಿಗೆ ತೆರೆದರು ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ರೋಗಿಗಳ ಮಾಹಿತಿ ಗುಟ್ಟಾಗಿಡಬೇಕು ಅನ್ನುವ 1996ರ ಹಿಪಾ ಕಾಯ್ದೆಯ ವಿಷಯ ಇದು, ಕೆಲಸವೇ ಹೋಗುತ್ತದೆ. ಕುತೂಹಲ ಕೆಟ್ಟದ್ದು ಅಂತಲ್ಲ, ಆದರೂ ಬೇಡ.

ಸಂಬಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರ್ಕಾರದ ಲೆಕ್ಕದಲ್ಲಿ 2024ರ ಮೇ ತಿಂಗಳಿಗೆ ಇಡೀ ದೇಶದಲ್ಲಿ ಮೆಡಿಕಲ್ ಅಸಿಸ್ಟೆಂಟರ ಮಧ್ಯದ ಸಂಬಳ ವರ್ಷಕ್ಕೆ 44,200 ಡಾಲರ್. ಗಂಟೆಗೆ 21 ಡಾಲರ್ ಚಿಲ್ಲರೆ. ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ಕ್ಷೇತ್ರಕ್ಕೇ ಬೇರೆ ಕನಿಷ್ಠ ಕೂಲಿಯ ಕಾನೂನು ಬಂದಿದೆ. 10,000 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಗಂಟೆಗೆ 23 ಡಾಲರ್‌ನಿಂದ ಶುರುವಾಗಿ, 2026ರ ಜುಲೈಗೆ 25 ಡಾಲರ್ ಅಂತ ನಿಗದಿ ಮಾಡಿದರು. ಒಬ್ಬರೋ ಇಬ್ಬರೋ ಡಾಕ್ಟರಿರುವ ಚಿಕ್ಕ ಕ್ಲಿನಿಕ್ಕಿಗೆ ಈ ಕಾನೂನು ತಾಗುವುದಿಲ್ಲ. ಇದು ಫ್ರೀಮಾಂಟ್ ಸುತ್ತಲಿನ ಬೇ ಏರಿಯಾದಲ್ಲಿ ಮನೆ ನಡೆಸುವ ಸಂಬಳ ಅಲ್ಲ. ಮನೆಗೆ ಇನ್ನೊಂದು ಆಸರೆ ಅನ್ನಬಹುದು. 18,000 ಹಾಕಿದರೆ ಅದನ್ನು ತೀರಿಸುವುದರಲ್ಲೇ ಎರಡು ವರ್ಷ ಕಳೆಯುತ್ತದೆ.

ನಿಮ್ಮ ಡಿಗ್ರಿಯ ಮಾತಿಗೆ ಬರುತ್ತೇನೆ. ಈ ಕೋರ್ಸಿಗೆ ಅದು ಬೇಕಾಗಿಯೇ ಇಲ್ಲ. ಹೈಸ್ಕೂಲ್ ಮುಗಿಸಿದ್ದಕ್ಕೆ ಸಮಾನ ಅಂತ ತೋರಿಸಿದರೆ ಸಾಕು, ಪಿಯುಸಿ ಮಾರ್ಕ್ಸ್ ಕಾರ್ಡು ಆ ಕೆಲಸ ಮಾಡುತ್ತದೆ. ಕೆಲವು ಕಡೆ ಅದನ್ನು ಡಬ್ಲ್ಯುಇಎಸ್ ತರಹದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ ತನ್ನಿ ಅನ್ನುತ್ತಾರೆ. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಮಾತಿದೆ. ಮೈಕ್ರೋಬಯಾಲಜಿ ಡಿಗ್ರಿ ಇಟ್ಟುಕೊಂಡು ನೀವು ಯಾಕೆ ಲ್ಯಾಬಿನ ಕಡೆ ನೋಡಿಲ್ಲ? ಕ್ಯಾಲಿಫೋರ್ನಿಯಾದಲ್ಲಿ ಕ್ಲಿನಿಕಲ್ ಲ್ಯಾಬೊರೇಟರಿ ಸೈಂಟಿಸ್ಟ್ ಅಂತ ಲೈಸೆನ್ಸ್ ಇದೆ. ವಿಜ್ಞಾನದ ಡಿಗ್ರಿ, ಅದರಲ್ಲಿ ರಕ್ತಶಾಸ್ತ್ರ, ಇಮ್ಯುನಾಲಜಿ, ಮೆಡಿಕಲ್ ಮೈಕ್ರೋಬಯಾಲಜಿ, ಒಂದಿಷ್ಟು ಕೆಮಿಸ್ಟ್ರಿ, ಫಿಸಿಕ್ಸ್ ಇರಬೇಕು. ಮೇಲೆ ಒಂದು ವರ್ಷ ಲ್ಯಾಬಿನಲ್ಲಿ ತರಬೇತಿ, ಪರೀಕ್ಷೆ. ಆ ತರಬೇತಿಯ ಸೀಟು ಸಿಗೋದೇ ಯುದ್ಧ, ಸುಳ್ಳು ಹೇಳಲ್ಲ. ಸಿಕ್ಕರೆ ಸಂಬಳ ನಮ್ಮದಕ್ಕಿಂತ ಬಹಳ ಮೇಲೆ. ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಇವುಗಳಲ್ಲಿ ಎಷ್ಟು ಇವೆ, ಎಷ್ಟು ಕೊರತೆ ಅಂತ ಒಮ್ಮೆ ಕೂತು ನೋಡಿ. ಕೊರತೆ ಇರುವ ಒಂದೆರಡು ವಿಷಯವನ್ನು ಅದೇ 46 ಡಾಲರ್ ಕಾಲೇಜಿನಲ್ಲಿ ತುಂಬಿಕೊಳ್ಳಲು ಆಗುತ್ತದಾ ವಿಚಾರಿಸಿ. ರೋಗಿಗಳ ಜೊತೆ ಮಾತಾಡಿಕೊಂಡು ಇರೋದೇ ನಿಮಗೆ ಇಷ್ಟ ಅಂದರೆ ಆಗ ಬೇರೆ ಮಾತು. ಲ್ಯಾಬಿನಲ್ಲಿ ಮಾತಾಡಲು ಯಂತ್ರಗಳೇ ಇರೋದು.

ನರ್ಸ್ ಆಗಬಹುದಾ? ಆಗಬಹುದು, ಆದರೆ ಇದು ಅದರ ಮೆಟ್ಟಿಲು ಅಲ್ಲ. ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿನ ಯೂನಿಟ್ಟುಗಳು ನರ್ಸಿಂಗ್‌ಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೊದಲಿಂದ ಬೇರೆಯಾಗಿ ಓದಬೇಕು. ನರ್ಸ್ ಆಗೋದೇ ಗುರಿ ಅಂದರೆ ನೇರ ಅದಕ್ಕೇ ಹೋಗಿ, ಇಲ್ಲಿ ಒಂದು ವರ್ಷ ಕಳೆಯಬೇಡಿ. ಆಸ್ಪತ್ರೆಯ ವಾತಾವರಣ ನನಗೆ ಒಗ್ಗುತ್ತಾ ಅಂತ ನೋಡಬೇಕು ಅಂದರೆ ಮಾತ್ರ ಇದು ಒಳ್ಳೆಯ ಪರೀಕ್ಷೆ. ಊರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಬಂದ ನಿಮ್ಮ ಗೆಳತಿಯರು ಯಾರಾದರೂ ಈ ಕೋರ್ಸಿಗೆ ಸೇರಲು ಹೊರಟಿದ್ದರೆ ದಯವಿಟ್ಟು ತಡೆಯಿರಿ. ಅವರು ಬರೆಯಬೇಕಾದದ್ದು ನರ್ಸ್ ಲೈಸೆನ್ಸಿನ ಪರೀಕ್ಷೆ, ಎನ್‌ಕ್ಲೆಕ್ಸ್.

ವೀಸಾ ಬಗ್ಗೆ ಎರಡೇ ಮಾತು. ಓದಲು ಎಚ್-4 ಸಾಕು, ಸಂಬಳಕ್ಕೆ ಇಎಡಿ ಬೇಕು. ಕಾರ್ಡು ಮುಗಿಯುವ 180 ದಿನ ಮೊದಲೇ ಹೊಸದಕ್ಕೆ ಅರ್ಜಿ ಹಾಕಬಹುದು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಕೋರ್ಸು ಮುಗಿಯುವ ಹೊತ್ತಿಗೆ ಕಾರ್ಡಿನಲ್ಲಿ ಎಷ್ಟು ತಿಂಗಳು ಉಳಿದಿರುತ್ತದೆ ಅಂತ ಈಗಲೇ ಎಣಿಸಿಕೊಳ್ಳಿ.

ವಯಸ್ಸು 37 ಅಂದಿರಿ. ಹೋದ ಸೆಮಿಸ್ಟರಿನಲ್ಲಿ ನನ್ನ ಕ್ಲಾಸಿನ ಅತಿ ಹಿರಿಯ ವಿದ್ಯಾರ್ಥಿನಿಗೆ 54. ಕ್ಲಿನಿಕ್ಕಿನಲ್ಲಿ ವಯಸ್ಸು ಅನುಕೂಲವೇ. ಅಳುವ ಮಗುವಿನ ತೊಡೆಗೆ ಸೂಜಿ ಹಾಕುವಾಗ, ಅದರ ತಾಯಿಯ ಮುಖ ನೋಡಿ ಏನು ಹೇಳಬೇಕು ಅನ್ನೋದು ಇಬ್ಬರು ಮಕ್ಕಳ ತಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಸಂಜೆ ಹೊತ್ತಿಗೆ ಕಾಲು ಮಾತ್ರ ನೋಯುತ್ತದೆ. ಯೂನಿಫಾರಂನಲ್ಲಿ ದುಡ್ಡು ಉಳಿಸಿ, ಶೂನಲ್ಲಿ ಉಳಿಸಬೇಡಿ.

ಇವತ್ತು ರಾತ್ರಿ ಹಾಸನಕ್ಕೆ ಫೋನ್ ಮಾಡುವಾಗ ಪಿಯುಸಿ ಮತ್ತು ಡಿಗ್ರಿ ಮಾರ್ಕ್ಸ್ ಕಾರ್ಡುಗಳು ಯಾವ ಬೀರುವಿನಲ್ಲಿವೆ ಅಂತ ಕೇಳಿ. ಅವನ್ನು ಫೋಟೋ ತೆಗೆದು ಕಳಿಸಲು ಹೇಳಿ. ಮೈಸೂರಿನಿಂದ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಬೇಕಾದರೆ ಮನೆಯವರು ಯಾರಾದರೂ ಖುದ್ದಾಗಿ ಹೋಗಿ ಬೆನ್ನು ಹತ್ತಿದರೇ ಬೇಗ ಆಗೋದು. ಅದು ಬರುವಷ್ಟರಲ್ಲಿ ಹೆಪಟೈಟಿಸ್ ಲಸಿಕೆಯ ಮೊದಲ ಡೋಸು ಮುಗಿದಿರಲಿ.